ಸಂಜೆ ಏಳೂವರೆಯ ಅರ್ಧ ಗಂಟೆ ಯಾರದು?

ಪಡಸಾಲೆಯಲ್ಲಿ ಟಿ.ವಿ., ಅದರ ಮುಂದೆ ಮನೆಯ ಹಿರಿಯರು ಮತ್ತು ಮಕ್ಕಳು. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕಿವಿಯನ್ನಷ್ಟೇ ಹೊರಗಿರಿಸಿದ ಗೃಹಿಣಿ. ತುಂಗಭದ್ರೆಯ ದಡದ ಹುಲಿಗಿಯಲ್ಲಾಗಲಿ, ಅಲ್ಲಿಂದ ಆಚೆಗಿನ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಾಗಲಿ ಸಂಜೆ ಏಳರಿಂದ ಒಂಬತ್ತರವರೆಗೆ ಸಾಮಾನ್ಯವಾಗಿ ಕಾಣುವ ನೋಟವಿದು. ಆ ಹೊತ್ತಿನ ಧಾರಾವಾಹಿ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾಗಿದೆಯೋ ಆಕೆ ಅದನ್ನು ನೋಡುತ್ತಿಲ್ಲ, ಕೇಳುತ್ತಿದ್ದಾಳೆ ಎಂಬುದು ಇಲ್ಲಿನ ವಿಪರ್ಯಾಸ. ರೊಟ್ಟಿ ಬಡಿಯುವ ಸದ್ದಿಗೆ ಅರ್ಧ ಮಾತು ಕೇಳಿಸದೆ ಹೋದಾಗ ‘ಏನಂದಳು?’ ಎಂದು ಒಳಗಿನಿಂದ ಪ್ರಶ್ನೆ ಬರುತ್ತದೆ. ಬಹಳ ಸಲ ಅದಕ್ಕೆ ಉತ್ತರ ಸಿಗುವುದಿಲ್ಲ.

ಧಾರಾವಾಹಿ ನೋಡುವುದನ್ನು ನಮ್ಮ ವಿದ್ಯಾವಂತ ವರ್ಗ ಒಂದು ದೌರ್ಬಲ್ಯವೆಂದೇ ಪರಿಗಣಿಸುತ್ತ ಬಂದಿದೆ. ಅತ್ತೆ ಸೊಸೆಯರ ಜಗಳ, ಕೊನೆಯಿಲ್ಲದ ಕಣ್ಣೀರು, ಮಕ್ಕಳ ಓದಿಗೆ ಅಡ್ಡಿ ಎಂಬ ಆಕ್ಷೇಪಗಳೆಲ್ಲ ನಮಗೆ ಪರಿಚಿತ. ಅವುಗಳಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ದಿನವಿಡೀ ದುಡಿದ ವ್ಯಕ್ತಿಗೆ ತನ್ನದೆಂದು ಹೇಳಿಕೊಳ್ಳಬಹುದಾದ ಅರ್ಧ ಗಂಟೆ ಇದೆಯೇ? ಇದ್ದರೆ ಅದನ್ನು ಆಕೆ ಹೇಗೆ ಕಳೆಯುತ್ತಾಳೆ ಎಂಬುದು ನಂತರದ ಮಾತು.

ಈ ಪ್ರಶ್ನೆಗೆ ಉತ್ತರಿಸಲು ಈಗ ನಮ್ಮ ಬಳಿ ಅಂಕಿಅಂಶಗಳಿವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ವ್ಯಯಿಸುತ್ತಿದ್ದರು. ಅಂಥ ಕೆಲಸ ಮಾಡುವ ಪುರುಷರ ಸರಾಸರಿ 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಸಂಖ್ಯೆಗಳು ಕ್ರಮವಾಗಿ 289 ಮತ್ತು 88. ಐದು ವರ್ಷಗಳಲ್ಲಿ ಮಹಿಳೆಯರ ಮನೆಗೆಲಸ 10 ನಿಮಿಷ ಇಳಿದಿದೆ, ಸಂತೋಷ. ಪುರುಷರದ್ದೂ 9 ನಿಮಿಷ ಇಳಿದಿದೆ! ಇಬ್ಬರ ನಡುವಣ ಅಂತರ ಮೂರು ಗಂಟೆ ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲಿ ಹಾಗೆಯೇ ನಿಂತಿದೆ. ಗದ್ದೆಯ ಕೂಲಿ, ದನಕರುಗಳ ಆರೈಕೆ, ಮಕ್ಕಳ ಮತ್ತು ವೃದ್ಧರ ಶುಶ್ರೂಷೆ ಈ ಲೆಕ್ಕದ ಹೊರಗಿವೆ ಎಂಬುದನ್ನೂ ಮರೆಯಬಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಗ್ಯಾರಿ ಬೆಕರ್ ಅವರ ಹೆಸರು ಗೊತ್ತಿರುತ್ತದೆ. ಸಮಯದ ಹಂಚಿಕೆಯನ್ನು ಕುರಿತು 1965ರಲ್ಲಿ ಅವರು ಮಂಡಿಸಿದ ಸಿದ್ಧಾಂತದ ತಿರುಳು ಸರಳವಾದುದು. ಯಾವ ಸರಕನ್ನೇ ಆಗಲಿ ಅನುಭವಿಸಲು ಹಣವಷ್ಟೇ ಸಾಲದು, ಸಮಯವೂ ಬೇಕು; ಆದ್ದರಿಂದ ಅದರ ನಿಜವಾದ ಬೆಲೆಯಲ್ಲಿ ಎರಡೂ ಸೇರಿರುತ್ತವೆ. ಟಿ.ವಿ.ಗೆ ಇದನ್ನು ಅನ್ವಯಿಸಿ ನೋಡಿ. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಪದ್ಧತಿ ಜಾರಿಗೆ ಬಂದಾಗ ಮೊದಲ 100 ಚಾನೆಲ್‌ಗಳಿಗೆ ನಿಗದಿಯಾದ ಗರಿಷ್ಠ ಮೂಲ ಶುಲ್ಕ ತಿಂಗಳಿಗೆ 130 ರೂಪಾಯಿ. ತೆರಿಗೆ ಸೇರಿದರೆ ದಿನಕ್ಕೆ ಐದು ರೂಪಾಯಿಗಿಂತ ತುಸು ಹೆಚ್ಚು. ಹಣದ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಮನರಂಜನೆ ವಿರಳ. ಆದರೆ ಬೆಳಗಿನ ಜಾವಕ್ಕೆ ಎದ್ದು ನಾಟಿಗೆ ಹೋಗಿ, ಸಂಜೆ ಮರಳಿ ಒಲೆ ಹೊತ್ತಿಸುವ ಹೆಣ್ಣುಮಗಳಿಗೆ ದುಬಾರಿಯಾಗಿರುವುದು ಸಮಯ. ವಾರಕ್ಕೆ ಐದು ದಿನ ಅರ್ಧ ಗಂಟೆಯ ಒಂದೇ ಧಾರಾವಾಹಿಯನ್ನು ಬಿಡದೆ ನೋಡಿದರೂ ವರ್ಷಕ್ಕೆ 130 ಗಂಟೆಗಳಾಗುತ್ತವೆ. ಅಷ್ಟನ್ನು ಆಕೆ ಹೊಂದಿಸಿಕೊಳ್ಳುವುದು ನಿದ್ದೆಯನ್ನೋ ಊಟದ ನೆಮ್ಮದಿಯನ್ನೋ ಕತ್ತರಿಸಿ.

ಟಿ.ವಿ. ನಮ್ಮ ಸೀಮೆಗೆ ಬಂದದ್ದು ಈ ರೂಪದಲ್ಲಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಭಾರತ ನಡೆಸಿದ ‘ಸೈಟ್’ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಇಂದಿನ ಕೊಪ್ಪಳ ಅದರಿಂದ ಬೇರ್ಪಟ್ಟದ್ದು 1997ರಲ್ಲಿ. ಕೋಳಿಗೂಡಿನ ತಂತಿಜಾಲರಿಯಿಂದ ರಚಿಸಿದ ಮೂರು ಮೀಟರ್ ಅಗಲದ ಆಂಟೆನಾ, ಸಾರ್ವಜನಿಕ ಕಟ್ಟಡದಲ್ಲಿರಿಸಿದ ಒಂದು ಟಿ.ವಿ., ಅದರ ಸುತ್ತ ನೆರೆದ ಊರು. ತೆಲುಗು ಮತ್ತು ಕನ್ನಡದ ವೀಕ್ಷಕರಿಗೆ ಚಿತ್ರ ಒಂದೇ, ಧ್ವನಿ ಮಾತ್ರ ಬೇರೆ. ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಪಾಠಗಳ ಜೊತೆ ಹಾಡು, ನಾಟಕಗಳೂ ಇದ್ದವು. ಆಗ ಟಿ.ವಿ. ಊರಿನ ಸೊತ್ತಾಗಿತ್ತು. ಸಂಜೆಯ ಅಡುಗೆ ಆಗಲೂ ಹೆಣ್ಣುಮಕ್ಕಳ ಪಾಲಿಗೇ ಇತ್ತೆಂಬುದನ್ನು ಬೇರೆ ಹೇಳಬೇಕಿಲ್ಲ.

ಎರಡನೆಯ ಘಟ್ಟ ಭಾನುವಾರದ ಬೆಳಗಿನದು. 1987ರ ಜನವರಿಯಲ್ಲಿ ದೂರದರ್ಶನ ‘ರಾಮಾಯಣ’ವನ್ನೂ 1988ರ ಅಕ್ಟೋಬರ್ 2ರಂದು ‘ಮಹಾಭಾರತ’ವನ್ನೂ ಆರಂಭಿಸಿದಾಗ ಟಿ.ವಿ. ಉಳ್ಳವರ ಮನೆಯ ಪಡಸಾಲೆಯೇ ಓಣಿಯ ಸಭಾಂಗಣವಾಯಿತು. ವಾರಕ್ಕೊಂದೇ ಕಂತು, ಅದೂ ಬೆಳಿಗ್ಗೆ. ಸ್ನಾನ, ಪೂಜೆ, ಉಪಾಹಾರಗಳನ್ನು ಅದಕ್ಕೆ ಮುಂಚೆಯೇ ಮುಗಿಸುವುದು ಸಾಧ್ಯವಿತ್ತು. ದಿನನಿತ್ಯದ ಧಾರಾವಾಹಿ ಬಂದ ಮೇಲೆ ಈ ಹೊಂದಾಣಿಕೆ ಮುರಿಯಿತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಹೀಗೆ ವಾಹಿನಿಗಳು ಬೆಳೆದಂತೆ, ಜಾಹೀರಾತುದಾರನಿಗೆ ಅತ್ಯಂತ ಬೆಲೆಬಾಳುವ ಹೊತ್ತು ಗೃಹಿಣಿಗೆ ಅತ್ಯಂತ ದುಡಿಮೆಯ ಹೊತ್ತಿನೊಂದಿಗೆ ಸರಿಯಾಗಿ ಬಂದು ಕೂಡಿಕೊಂಡಿತು. ವಾರದ ಕಥೆಯೊಂದನ್ನು ತಪ್ಪಿಸಿಕೊಳ್ಳದಿರಲು ಮನೆಯೇ ಸಿದ್ಧವಾಗುತ್ತಿತ್ತು. ನಿತ್ಯದ ಕಥೆಗೆ ಒಬ್ಬಳೇ ಓಡಾಡಬೇಕಾಯಿತು.

ಧಾರಾವಾಹಿಯ ರಚನೆಯನ್ನೇ ಈ ಅಡುಗೆಮನೆ ರೂಪಿಸಿದೆ ಎಂದರೆ ಅತಿಶಯೋಕ್ತಿಯಾಗದು. ಒಂದು ಮಾತನ್ನು ಮೂರು ಸಲ ಹೇಳಿಸುವುದೇಕೆ, ಪ್ರತಿ ಪಾತ್ರದ ಪ್ರವೇಶಕ್ಕೂ ಒಂದು ವಾದ್ಯದ ಗುರುತು ಏಕೆ, ಹಿಂದಿನ ಕಂತಿನ ಕಥೆಯನ್ನು ದಿನವೂ ತೋರಿಸುವುದೇಕೆ ಎಂದು ಸುಶಿಕ್ಷಿತ ಪ್ರೇಕ್ಷಕ ಗೇಲಿ ಮಾಡುತ್ತಾನೆ. ಕೈ ಹಿಟ್ಟಿನಲ್ಲಿದ್ದು, ಕಣ್ಣು ಹೆಂಚಿನ ಮೇಲಿದ್ದು, ಕಿವಿ ಮಾತ್ರ ಬಿಡುವಾಗಿರುವ ವೀಕ್ಷಕಿಗೆ ಇವೆಲ್ಲ ಉಪಕಾರಗಳೇ. ಮೂರು ದಿನ ತಪ್ಪಿದರೂ ನಾಲ್ಕನೆಯ ದಿನ ಕಥೆ ಕೈಗೆ ಸಿಗುವಂತೆ ಅದು ನಿಧಾನವಾಗಿ ಸಾಗುತ್ತದೆ.

ಅದೂ ಸಾಲದಾದಾಗ ನೆರವಿಗೆ ಬರುವುದು ಬಾಯಿಮಾತು. ಗಂಗಾವತಿಯ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಸಸಿ ನೆಡುವ ಸಾಲುಗಳ ನಡುವೆ ಹಿಂದಿನ ರಾತ್ರಿಯ ಕಂತು ಪುನಃ ಪ್ರಸಾರವಾಗುತ್ತದೆ. ‘ಯಕ್ಕಾ, ನಿನ್ನಿ ಏನಾತು? ನಮ್ಮ ಮನ್ಯಾಗ ಕರೆಂಟ್ ಇರ್ಲಿಲ್ಲ.’ ‘ಏನಾಗ್ತತಿ, ಅಕಿ ಮನಿ ಬಿಟ್ಟು ಹೋದ್ಲು.’ ಅಲ್ಲಿಂದ ಚರ್ಚೆ ಆರಂಭ. ಆಕೆ ಹೋದದ್ದು ಸರಿಯೇ, ಗಂಡ ಒಂದು ಮಾತಾಡಬಾರದಿತ್ತೇ, ತವರಿನವರು ಏನೆಂದಾರು? ತನ್ನ ಮನೆಯ ಸಂಕಟವನ್ನು ಬಾಯಿಬಿಟ್ಟು ಹೇಳಲಾರದ ಹೆಣ್ಣುಮಗಳು ಕಥೆಯ ಪಾತ್ರದ ನೆಪದಲ್ಲಿ ನ್ಯಾಯ ಕೇಳುತ್ತಾಳೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಹುಲಿಗೆಮ್ಮನ ದರ್ಶನಕ್ಕೆ ಬಂದು ಸರದಿಯಲ್ಲಿ ನಿಂತವರ ಮಾತಿಗೆ ಕಿವಿಗೊಟ್ಟರೂ ಇದು ಅರಿವಾಗುತ್ತದೆ.

ಇದನ್ನು ಬರಿಯ ಹರಟೆ ಎಂದು ತಳ್ಳಿಹಾಕುವವರು ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಭಾರತದ ಹಳ್ಳಿಗಳಿಗೆ ಕೇಬಲ್ ಟಿ.ವಿ. ಬಂದ ನಂತರ, ಹೆಂಡತಿಯನ್ನು ಹೊಡೆಯುವುದು ತಪ್ಪಲ್ಲವೆಂಬ ಅಭಿಪ್ರಾಯವೂ ಗಂಡುಮಗುವೇ ಬೇಕೆಂಬ ಹಂಬಲವೂ ಮಹಿಳೆಯರಲ್ಲಿ ಕಡಿಮೆಯಾದದ್ದನ್ನು, ಮನೆಯ ತೀರ್ಮಾನಗಳಲ್ಲಿ ಅವರ ಮಾತಿಗೆ ಬೆಲೆ ಹೆಚ್ಚಿದ್ದನ್ನು ಅವರು ಗುರುತಿಸಿದರು. ಅವರು ಅಧ್ಯಯನ ಮಾಡಿದ ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಎಲ್ಲ ಧಾರಾವಾಹಿಗಳೂ ಇಂಥ ಫಲ ಕೊಡುತ್ತವೆಂದೂ ಹೇಳಲಾಗದು. ಆದರೂ ಕಥೆಯೊಳಗೆ ಬೇರೊಂದು ಬಗೆಯ ಬದುಕನ್ನು ಕಾಣುವುದು ವ್ಯರ್ಥ ಕಾಲಹರಣವಲ್ಲ ಎಂಬುದಕ್ಕೆ ಅದು ಸಾಕಷ್ಟು ಆಧಾರ. ನಮ್ಮಲ್ಲಿಯೂ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, ‘ಮುಕ್ತ’ಗಳಂಥವು ಮನೆಮನೆಯಲ್ಲಿ ಗಂಭೀರ ಚರ್ಚೆಗೆ ಕಾರಣವಾದವು. ವೈಶಾಲಿ ಕಾಸರವಳ್ಳಿ ಅವರ ‘ಮೂಡಲಮನೆ’ಯಲ್ಲಿ ಉತ್ತರ ಕರ್ನಾಟಕದ ಮಾತು ನಗೆಗೀಡಾಗದೆ ಗೌರವದಿಂದ ಕೇಳಿಬಂದಾಗ ಈ ಭಾಗದವರಿಗಾದ ಸಂತೋಷ ಸಣ್ಣದಲ್ಲ.

ಮನೆಯಲ್ಲಿ ರಿಮೋಟ್‌ಗಾಗಿ ನಡೆಯುವ ಜಗ್ಗಾಟವನ್ನೂ ಸಹಾನುಭೂತಿಯಿಂದ ನೋಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್‌ನ ಚೈನ್ ತುಂಡಾಗಿ ನೀರು ಹರಿದುಹೋಗತೊಡಗಿತು. ತಾತ್ಕಾಲಿಕ ಗೇಟ್ ಅಳವಡಿಸುವವರೆಗಿನ ಆ ಒಂದು ವಾರ, ನದಿಯ ಕೆಳಗಿನ ಊರುಗಳವರಿಗೂ ಎರಡನೆಯ ಬೆಳೆಯ ಚಿಂತೆಯಲ್ಲಿದ್ದ ರೈತರಿಗೂ ಸುದ್ದಿವಾಹಿನಿಯೇ ಮುಖ್ಯವಾದದ್ದು ಸಹಜ. ಅಂಥ ಹೊತ್ತಿನಲ್ಲಿ ಧಾರಾವಾಹಿಯನ್ನು ಬದಿಗಿಡಲು ಯಾವ ಗೃಹಿಣಿಗೂ ಯಾರೂ ಉಪದೇಶಿಸಬೇಕಾಗಿಲ್ಲ. ಗದ್ದೆಯಲ್ಲಿ ದುಡಿಯುವವಳು ಆಕೆಯೇ. ಆದರೆ ವರ್ಷದ ಉಳಿದ ದಿನಗಳಲ್ಲಿಯೂ ಕ್ರಿಕೆಟ್ಟು, ಸ್ಟುಡಿಯೊದ ವಾಗ್ವಾದಗಳು ಆಕೆಯ ಅರ್ಧ ಗಂಟೆಗಿಂತ ಮೇಲಿನವೆಂದು ಭಾವಿಸುವುದು ನ್ಯಾಯವಲ್ಲ.

ಈಗ ಮೂರನೆಯ ಘಟ್ಟ. 2016ರ ನಂತರ ಅಗ್ಗವಾದ ಮೊಬೈಲ್ ಇಂಟರ್ನೆಟ್ಟಿನಿಂದಾಗಿ ಧಾರಾವಾಹಿ ಜೇಬಿಗೆ ಬಂದಿದೆ. ಕಾರ್ಯಕ್ರಮವನ್ನು ಬೇಕಾದಾಗ ನೋಡುವ ಸ್ವಾತಂತ್ರ್ಯಕ್ಕಾಗಿ ಅಮೆರಿಕದಲ್ಲಿ ವಿಡಿಯೊ ರೆಕಾರ್ಡರ್ ತಯಾರಕರು ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. 1984ರಲ್ಲಿ ತೀರ್ಪು ಅವರ ಪರವಾಗಿ ಬಂದಿತು. ಆ ಸ್ವಾತಂತ್ರ್ಯ ಇಂದು ಹುಲಿಗಿಯ ಮನೆಗೂ ಲಭ್ಯ. ಪಾತ್ರೆ ತೊಳೆದು, ಹಾಸಿಗೆ ಹಾಸಿ, ಮಕ್ಕಳು ಮಲಗಿದ ಮೇಲೆ ಆಕೆ ಕಂತನ್ನು ನೋಡಬಹುದು. ಆದರೆ ಅದು ಹತ್ತೂವರೆಯ ಮೇಲಿನ ಮಾತು; ನಿದ್ದೆಯಿಂದ ಕಡ ತಂದ ಹೊತ್ತು. ಫೋನು ಆಕೆಯದೇ ಆಗಿರಬೇಕೆಂಬ ಷರತ್ತೂ ಇದೆ. ಪ್ರತಿಯೊಬ್ಬರೂ ಒಂದೊಂದು ಮೂಲೆಯಲ್ಲಿ ಒಂದೊಂದು ಕಥೆ ನೋಡುವ ಮನೆಯಲ್ಲಿ ‘ನಿನ್ನಿ ಏನಾತು’ ಎಂದು ಯಾರು ಯಾರನ್ನು ಕೇಳಬೇಕು? ತಂತ್ರಜ್ಞಾನ ಕಾರ್ಯಕ್ರಮದ ವೇಳೆಯನ್ನು ಬದಲಿಸಿಕೊಟ್ಟಿದೆ, ಮನೆಗೆಲಸದ ಪಾಲನ್ನು ಬದಲಿಸಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯ ಹೊಣೆ ಮನೆಯವರದೇ. ಮನೆಯ ಪ್ರತಿಯೊಬ್ಬರಿಗೂ ದಿನಕ್ಕೆ ಒಂದು ಕಾರ್ಯಕ್ರಮ ಎಂಬ ಮಿತಿ ಇರಲಿ; ಆದರೆ ಆ ಒಂದನ್ನು ಕುಳಿತು ನೋಡುವ ಅವಕಾಶವೂ ಇರಲಿ. ಆಕೆಯ ಧಾರಾವಾಹಿ ಏಳೂವರೆಗಿದ್ದರೆ ಊಟ ಎಂಟೂವರೆಗಾಗಲಿ, ಇಲ್ಲವೆ ಆ ಅರ್ಧ ಗಂಟೆ ಅಡುಗೆಮನೆಯ ಉಳಿದ ಕೆಲಸ ಗಂಡನದೋ ಬೆಳೆದ ಮಗನದೋ ಆಗಲಿ. ಮಕ್ಕಳ ಪರೀಕ್ಷೆಯ ದಿನಗಳಲ್ಲಿ ಟಿ.ವಿ. ಮುಚ್ಚುವುದಾದರೆ ಎಲ್ಲರ ಕಾರ್ಯಕ್ರಮವೂ ಮುಚ್ಚಲಿ, ತಾಯಿಯದು ಮಾತ್ರವಲ್ಲ.

ವಾಹಿನಿಗಳಿಗೂ ಹೊಣೆಯಿದೆ. ಕೇಬಲ್ ಟೆಲಿವಿಷನ್ ಜಾಲಗಳ 1994ರ ನಿಯಮಗಳು ಜಾಹೀರಾತಿಗೆ ಗಂಟೆಗೆ 12 ನಿಮಿಷಗಳ ಮಿತಿ ಹಾಕಿದವು. ಆ ಮಿತಿಯನ್ನು ಪಾಲಿಸಿದರೂ ಅರ್ಧ ಗಂಟೆಯಲ್ಲಿ ಆರು ನಿಮಿಷ, ಐದು ದಿನಗಳಲ್ಲಿ ಒಂದು ಕಂತಿನಷ್ಟು ಕಾಲ ಜಾಹೀರಾತಿಗೆ ಹೋಗುತ್ತದೆ. ಇಷ್ಟು ದುಬಾರಿ ಸಮಯವನ್ನು ಕೊಡುವ ವೀಕ್ಷಕಿಗೆ ಕಥೆಯನ್ನು ಅನಗತ್ಯವಾಗಿ ಎಳೆಯದಿರುವ, ಆಕೆಯ ಬುದ್ಧಿಯನ್ನು ಗೌರವಿಸುವ ಕಾರ್ಯಕ್ರಮ ಸಲ್ಲಬೇಕು. ಇನ್ನು ಸರ್ಕಾರದ ಪಾಲು ವಿದ್ಯುತ್ತು. ಹಳ್ಳಿಯ ಮನೆಗಳಿಗೆ ನಿರಂತರ ವಿದ್ಯುತ್ ನೀಡಲೆಂದು ಪಂಪ್‌ಸೆಟ್ ಮಾರ್ಗಗಳನ್ನು ಬೇರ್ಪಡಿಸಿದ ‘ನಿರಂತರ ಜ್ಯೋತಿ’ಯಂಥ ಯೋಜನೆಗಳ ಸಾಫಲ್ಯವನ್ನು ಅಳೆಯಲು ಸಂಜೆಯ ಎರಡು ಗಂಟೆಗಳೇ ಸರಿಯಾದ ಮಾನದಂಡ.

ಕುಟುಂಬದ ಯೋಗಕ್ಷೇಮವನ್ನು ಆದಾಯದಿಂದ, ಬೆಳೆಯಿಂದ, ಮಕ್ಕಳ ಅಂಕಗಳಿಂದ ಅಳೆಯುವುದು ನಮಗೆ ರೂಢಿಯಾಗಿದೆ. ಬಿಡುವನ್ನೂ ಅದರ ಜೊತೆ ಸೇರಿಸಬೇಕಾಗಿದೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವಳು ತನಗಿಷ್ಟವಾದ ಒಂದು ಕಂತನ್ನು ಆರಂಭದಿಂದ ಕೊನೆಯವರೆಗೆ, ಒಮ್ಮೆಯೂ ಏಳದೆ ನೋಡಬಲ್ಲಳೇ ಎಂದು ವಿಚಾರಿಸಿ ನೋಡಿ. ಸಮಯ ಬಳಕೆಯ ಸಮೀಕ್ಷೆಯನ್ನು ನಮ್ಮ ನಮ್ಮ ಮನೆಯಲ್ಲಿ ನಡೆಸಲು ಆ ಒಂದು ಪ್ರಶ್ನೆ ಸಾಕು.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)