ದೊಡ್ಡಪತ್ರೆಯ ಘಾಟು ಮತ್ತು ಋತುಭೇದ

ಹಲವು ವರ್ಷಗಳ ಹಿಂದೆ, ವೈಶಾಖದ ಒಂದು ಬೆಳಿಗ್ಗೆ, ಅಜ್ಜಿಯೊಬ್ಬರು ಎರಡು ವರ್ಷದ ಮೊಮ್ಮಗನನ್ನು ನಮ್ಮಲ್ಲಿಗೆ ಎತ್ತಿಕೊಂಡು ಬಂದರು. ಕೆಮ್ಮಿಗೆಂದು ದೊಡ್ಡಪತ್ರೆಯ ರಸ ಕುಡಿಸಿದ್ದರು. ಮಗುವಿನ ತುಟಿ, ನಾಲಿಗೆಗಳು ಕೆಂಪೇರಿದ್ದವು. "ಮಳೆಗಾಲದಲ್ಲಿ ನೀವೇ ಹೇಳಿದ ಅಳತೆ, ಡಾಕ್ಟರೇ. ಅದೇ ಗಿಡ, ಅವೇ ಎರಡು ಎಲೆ" ಎಂದರು. ಹಾಲು ಕುಡಿಸಿ, ತುಪ್ಪ ಸವರಿದ ಮೇಲೆ ಸಂಜೆಯ ವೇಳೆಗೆ ಉರಿ ಶಮನವಾಯಿತು. ತಪ್ಪು ಅಜ್ಜಿಯದಲ್ಲ, ನಮ್ಮದು. ಎಲೆಯ ಎಣಿಕೆಯನ್ನು ಹೇಳಿದ್ದೆವು, ಋತುವನ್ನು ಹೇಳಿರಲಿಲ್ಲ.

ದೊಡ್ಡಪತ್ರೆಯ ಎಲೆಯ ಮೇಲಿನ ಸೂಕ್ಷ್ಮ ರೋಮಗ್ರಂಥಿಗಳಲ್ಲಿ ಗಂಧತೈಲವು ಸಂಗ್ರಹವಾಗಿರುತ್ತದೆ. ಅದರಲ್ಲಿ ಕಾರ್ವಕ್ರಾಲ್, ಥೈಮಾಲ್ ಎಂಬ ತೀಕ್ಷ್ಣ ದ್ರವ್ಯಗಳಿವೆ. ಓಮದ ಘಾಟಿಗೂ ಥೈಮಾಲೇ ಕಾರಣವಾದುದರಿಂದ ಎರಡರ ವಾಸನೆಯಲ್ಲಿ ಹೋಲಿಕೆಯಿದೆ. ಗಾಮಾ ಟರ್ಪಿನೀನ್ ಎಂಬ ಸೌಮ್ಯ ದ್ರವ್ಯದಿಂದ ಸಸ್ಯವು ಇವನ್ನು ರೂಪಿಸಿಕೊಳ್ಳುತ್ತದೆ. ಎಷ್ಟು ರೂಪಿಸಿಕೊಳ್ಳುವುದೆಂಬುದು ಬಿಸಿಲು, ನೀರು, ಎಲೆಯ ವಯಸ್ಸುಗಳನ್ನು ಅವಲಂಬಿಸಿದೆ. ಗ್ರೀಸ್ ದೇಶದ ಓರೆಗಾನೊ ಸಸ್ಯದಲ್ಲಿ ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. ಬೇಸಿಗೆಯಲ್ಲಿ ಹೂವಾಡುವಾಗ ತೈಲವೂ ಹೆಚ್ಚು, ಕಾರ್ವಕ್ರಾಲೂ ಹೆಚ್ಚು. ಶರತ್ಕಾಲದ ಕೊನೆಗೆ ತೈಲವು ಬಹಳ ಕುಗ್ಗಿ, ಅಷ್ಟು ತೀಕ್ಷ್ಣವಲ್ಲದ ಪ್ಯಾರಾಸೈಮೀನ್‌ನ ಪಾಲು ಏರುತ್ತದೆ. ನಮ್ಮ ಹಿತ್ತಿಲಿನ ದೊಡ್ಡಪತ್ರೆಯೂ ಮಳೆಗಾಲದಲ್ಲಿ ಅಂಗೈಯಗಲವಾಗಿ, ನೀರು ತುಂಬಿಕೊಂಡು ಸಪ್ಪೆಯಾಗಿರುತ್ತದೆ. ಬೇಸಿಗೆಯಲ್ಲಿ ಎಲೆ ಚಿಕ್ಕದು, ಆದರೆ ಮುಟ್ಟಿದರೆ ಸಾಕು, ಘಾಟು ಮೂಗಿಗೆ ಏರುತ್ತದೆ.

ಚರಕಸಂಹಿತೆಯ ಕಲ್ಪಸ್ಥಾನವು ಎಳೆಯ ಎಲೆಗಳನ್ನು ವರ್ಷ ಮತ್ತು ವಸಂತ ಋತುಗಳಲ್ಲಿಯೂ, ತೊಗಟೆ ಗೆಡ್ಡೆಗಳನ್ನು ಶರದೃತುವಿನಲ್ಲಿಯೂ ಸಂಗ್ರಹಿಸಬೇಕೆನ್ನುತ್ತದೆ. ಸುಶ್ರುತರು ಇಂತಹ ಅಂಗವಾರು ವಿಭಾಗವನ್ನು ಒಪ್ಪದೆ, ಆಗ್ನೇಯ ದ್ರವ್ಯಗಳನ್ನು ಆಗ್ನೇಯ ಋತುಗಳಲ್ಲಿಯೇ ತೆಗೆಯಬೇಕೆಂದರು. ಉಷ್ಣವೀರ್ಯದ ದೊಡ್ಡಪತ್ರೆಯ ಮಟ್ಟಿಗೆ ನಾವು ಸುಶ್ರುತರ ಪಕ್ಷ. ಆದರೆ ವೀರ್ಯವು ಹೆಚ್ಚಿದಾಗ ಮಾತ್ರೆಯು ತಗ್ಗಬೇಕು. ವಿದ್ಯಾರ್ಥಿದೆಸೆಯಲ್ಲಿ ಈ ಶ್ಲೋಕಗಳನ್ನು ಬಾಯಿಪಾಠ ಮಾಡಿದ್ದ ನಮಗೆ ಅದು ಹೊಳೆದದ್ದು ಆ ಮಗುವಿನ ತುಟಿಯನ್ನು ಕಂಡ ಮೇಲೆ.

ಈಗ ನಾವು ಹೇಳುವುದಿಷ್ಟು. ಎಲೆಯನ್ನು ಹೆಂಚಿನ ಮೇಲೆ ಬಾಡಿಸಿ. ಹಾರುವ ತೈಲ ಸ್ವಲ್ಪ ಹೋಗುತ್ತದೆ. ಹಿಂಡಿದ ರಸದ ಒಂದು ಹನಿಯನ್ನು ಮೊದಲು ನಿಮ್ಮ ನಾಲಿಗೆಗೆ ಹಚ್ಚಿಕೊಳ್ಳಿ. ಚುರುಗುಟ್ಟಿದರೆ ಬಿಸಿನೀರು ಬೆರೆಸಿ ತೆಳುವಾಗಿಸಿ, ಬೇಸಿಗೆಯಲ್ಲಿ ಅರ್ಧ ಎಲೆಯೇ ಸಾಕು. ವರ್ಷ ತುಂಬದ ಶಿಶುವಿಗೆ ಈ ರಸವೂ ಬೇಡ, ಜೇನೂ ಬೇಡ. ಮಗುವಿಗೆ ಉಸಿರು ಕಟ್ಟುತ್ತಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ. ಅಂಗಡಿಯ ಸೀಸೆಯಲ್ಲಿ ದೊರೆಯುವ ಗಂಧತೈಲವಂತೂ ನೂರಾರು ಎಲೆಗಳ ಸಾರ. ಅದರ ಒಂದು ಹನಿಯನ್ನೂ ಮಕ್ಕಳ ಬಾಯಿಗೆ, ಮೂಗಿಗೆ ಹಾಕಬಾರದು.