ಹಳೇ ಜಿಪ್ಸಿಗೆ ನಿಜಕ್ಕೂ ಎಷ್ಟು ಇಂಚು ಎತ್ತರ ಬೇಕು?

ಹಳೇ ಜಿಪ್ಸಿ ಇಟ್ಟುಕೊಂಡವರು ಇಬ್ಬರು ಒಂದು ಕಡೆ ಸೇರಿದರೆ, ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ: "ಲಿಫ್ಟ್ ಹಾಕ್ಸಿದ್ರಾ?"

ಲಿಫ್ಟ್ ಅಂದರೆ ಸಸ್ಪೆನ್ಷನ್ ಎತ್ತರಿಸಿ ಗಾಡಿಯನ್ನು ನೆಲದಿಂದ ಒಂದೆರಡು ಇಂಚು ಮೇಲಕ್ಕೆ ತರುವುದು. ನೋಡೋಕೆ ಗಾಡಿಗೆ ಒಂದು ಖದರು ಬರುತ್ತೆ, ನಿಜ. ಆದರೆ ನಮ್ಮ ಮನೆಯಲ್ಲಿ ಇದು ಖದರಿನ ಪ್ರಶ್ನೆ ಆಗಿರಲಿಲ್ಲ. ಸಕಲೇಶಪುರದ ಆಚೆ ನಮ್ಮದೊಂದು ಸಣ್ಣ ಕಾಫಿ ತೋಟ. ಟಾರ್ ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಓಡಾಡೋದು ನಮ್ಮ 2006ರ ಜಿಪ್ಸಿ ಒಂದೇ. ಅಪ್ಪನಿಗೆ 64, ಅಮ್ಮನಿಗೆ ಮಂಡಿನೋವು. ಮಳೆಗಾಲದ ರಾತ್ರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಇರೋದು ಅದೊಂದೇ ಗಾಡಿ. ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಇರ್ತೀನಿ.

ಹೋದ ಮಳೆಗಾಲದಲ್ಲಿ ಜಿಪ್ಸಿಯ ಹೊಟ್ಟೆ ದಾರಿಯ ನಡುದಿಣ್ಣೆಗೆ ಪದೇ ಪದೇ ತಾಗೋಕೆ ಶುರುವಾಯಿತು. ಅಪ್ಪ ಫೋನ್ ಮಾಡಿ, "ಏನಾದ್ರೂ ಎತ್ತರ ಮಾಡ್ಸೋಕಾಗತ್ತೇನೋ ನೋಡು" ಅಂದರು. ಬಜೆಟ್ 40 ಸಾವಿರ. ಅಲ್ಲಿಂದ ಒಂದು ತಿಂಗಳು ನಾನು ಓದಿದ್ದು, ಅಳೆದಿದ್ದು, ಗ್ಯಾರೇಜಿನಲ್ಲಿ ಕೇಳಿ ತಿಳಿದದ್ದು ಇಲ್ಲಿದೆ. ಊರಿನಲ್ಲಿ ಹಳೇ ಫೋರ್ ವೀಲ್ ಡ್ರೈವ್ ಇರುವ ಯಾರಿಗಾದರೂ ಉಪಯೋಗ ಆಗಬಹುದು.

ಮೊದಲು ಟೇಪ್ ಹಿಡಿಯಿರಿ

ಜಿಪ್ಸಿ ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ. ಕೊನೆಯವರೆಗೂ ಅದರ ಕೆಳಭಾಗದ ವಿನ್ಯಾಸ ಹೆಚ್ಚು ಬದಲಾಗಲಿಲ್ಲ: ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು ಬಿಲ್ಲಿನ ಹಾಗೆ ಬಾಗಿರುತ್ತವೆ. ವರ್ಷಾನುಗಟ್ಟಲೆ ಭಾರ ಹೊತ್ತರೆ ಆ ಬಿಲ್ಲು ಚಪ್ಪಟೆಯಾಗುತ್ತೆ. ಗಾಡಿ ಕೂತುಬಿಡುತ್ತೆ.

ಹಾಗಾಗಿ ಲಿಫ್ಟ್ ಬಗ್ಗೆ ಯೋಚಿಸುವ ಮೊದಲು ಗಾಡಿ ಈಗ ಎಷ್ಟು ಕೂತಿದೆ ಅಂತ ತಿಳಿಯಬೇಕು. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕಕ್ಕೆ ಸೇರಿಬಿಡುತ್ತೆ. ನಾಲ್ಕೂ ಕಡೆ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅದೇ ಮಾಡೆಲ್‌ನ, ಚೆನ್ನಾಗಿ ನೋಡಿಕೊಂಡ ಇನ್ನೊಂದು ಗಾಡಿ ಸಿಕ್ಕರೆ ಅದನ್ನೂ ಅಳೆಯಿರಿ.

ಪಕ್ಕದ ತೋಟದವರ ಜಿಪ್ಸಿಗೆ ಹೋದ ವರ್ಷವಷ್ಟೇ ಹೊಸ ಸ್ಪ್ರಿಂಗ್ ಹಾಕಿಸಿದ್ದರು. ಅದಕ್ಕೆ ಹೋಲಿಸಿದರೆ ನಮ್ಮದು ಮುಂದೆ 2 ಸೆಂ.ಮೀ., ಹಿಂದೆ ಎಡಕ್ಕೆ ಎರಡೂವರೆ, ಬಲಕ್ಕೆ ಮೂರೂವರೆ ಸೆಂ.ಮೀ. ಕೆಳಗಿತ್ತು. ಮೂರೂವರೆ ಸೆಂ.ಮೀ. ಅಂದರೆ ಹತ್ತಿರ ಹತ್ತಿರ ಒಂದೂವರೆ ಇಂಚು! ಲಿಫ್ಟ್‌ನಿಂದ ಸಿಗಲಿ ಅಂತ ನಾವು ಆಸೆಪಟ್ಟಿದ್ದ ಎತ್ತರದ ಬಹುಪಾಲು ಗಾಡಿಗೆ ಹುಟ್ಟಿನಿಂದಲೇ ಇತ್ತು. ವರ್ಷಗಳ ಕಾಲ ಗೊಬ್ಬರದ ಮೂಟೆ ಹೊತ್ತು ಅದನ್ನು ಕಳೆದುಕೊಂಡಿತ್ತು, ಅಷ್ಟೇ.

ಹಾಸನದಲ್ಲಿ ಸ್ಪ್ರಿಂಗ್ ಕೆಲಸ ಮಾಡುವ ಸಾಬರು ಕೆಳಗೆ ಬಗ್ಗಿ ನೋಡಿ ಅಪ್ಪನಿಗೆ ಹೇಳಿದ್ದೂ ಅದನ್ನೇ: "ಎತ್ರ ಆಮೇಲೆ ನೋಡೋಣ ಗೌಡ್ರೇ. ಮೊದ್ಲು ಇದು ಹುಟ್ಟಿದಾಗ ಎಷ್ಟಿತ್ತೋ ಅಷ್ಟಕ್ಕೆ ಬರ್ಲಿ."

ಲಿಫ್ಟ್‌ನಿಂದ ಏನು ಮೇಲೇರುತ್ತೆ, ಏನು ಏರಲ್ಲ

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಜಿಪ್ಸಿಯಂಥ ಗಟ್ಟಿ ಆಕ್ಸಲ್ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರೋದು ಆಕ್ಸಲ್ ಮಧ್ಯದ ಗುಂಡು, ಅಂದರೆ ಡಿಫರೆನ್ಶಿಯಲ್. ಕಂಪನಿ ಹೇಳುವ 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಬರೋದು ಅಂಥ ಅತಿ ಕೆಳಗಿನ ಜಾಗದಿಂದ. ಸಸ್ಪೆನ್ಷನ್ ಲಿಫ್ಟ್ ಆಕ್ಸಲ್ ಮೇಲಿರುವ ಚಾಸಿ, ಬಾಡಿ, ಗೇರ್‌ಬಾಕ್ಸ್‌ಗಳನ್ನು ಎತ್ತುತ್ತೆ. ಆಕ್ಸಲ್ ಇದ್ದಲ್ಲೇ ಇರುತ್ತೆ. ನೀವು ಐದು ಇಂಚು ಲಿಫ್ಟ್ ಮಾಡಿಸಿದರೂ ಆ ಗುಂಡು ಒಂದು ಕೂದಲೆಳೆಯಷ್ಟೂ ಮೇಲೇರಲ್ಲ.

ಗುಂಡು ಮೇಲೇರಬೇಕಾದರೆ ದೊಡ್ಡ ಟೈರ್ ಬೇಕು. ಜಿಪ್ಸಿ ಕಿಂಗ್‌ನ ಟೈರ್ 205/70 ಆರ್15. ಅದರ ವ್ಯಾಸ ಲೆಕ್ಕ ಹಾಕಿದರೆ 668 ಮಿ.ಮೀ. ಅದರ ಬದಲು 215/75 ಆರ್15 ಹಾಕಿದರೆ 703 ಮಿ.ಮೀ. ಚಿಲ್ಲರೆ. ವ್ಯಾಸ 35 ಮಿ.ಮೀ. ಜಾಸ್ತಿಯಾದರೂ ಆಕ್ಸಲ್ ಏರೋದು ಅದರ ಅರ್ಧ, ಅಂದರೆ ಒಂದು ಇಂಚಿಗೂ ಕಡಿಮೆ. ಜೊತೆಗೆ ಸ್ಪೀಡೋಮೀಟರ್ ಸುಮಾರು 5% ಕಡಿಮೆ ತೋರಿಸುತ್ತೆ. ಮುಳ್ಳು 60 ಅಂದಾಗ ನೀವು 63ರಲ್ಲಿ ಇರ್ತೀರಿ. ಗೇರ್ ಅನುಪಾತವೂ ಅಷ್ಟೇ ಭಾರವಾಗಿ, ಏರುದಾರಿಯಲ್ಲಿ ಇಂಜಿನ್ ಏದುಸಿರು ಬಿಡುತ್ತೆ.

ಹಾಗಾಗಿ ನಿಮ್ಮ ಗಾಡಿಯಲ್ಲಿ ತಾಗ್ತಿರೋದು ಏನು ಅನ್ನೋದು ಮೊದಲ ಪ್ರಶ್ನೆ. ಗುಂಡು ತಾಗ್ತಿದ್ದರೆ ಲಿಫ್ಟ್‌ಗೆ ಹಾಕಿದ ದುಡ್ಡು ದಂಡ. ಹೊಟ್ಟೆ ಅಥವಾ ಹಿಂದಿನ ಬಂಪರ್ ತಾಗ್ತಿದ್ದರೆ ಪ್ರಯೋಜನ ಉಂಟು. ನಮ್ಮದರಲ್ಲಿ ಎರಡೂ ಆಗ್ತಿತ್ತು.

ಕಡಿಮೆ ದುಡ್ಡಿನ ದಾರಿಗಳು, ಒಂದೊಂದಾಗಿ

ಉದ್ದ ಶ್ಯಾಕಲ್: ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಜೋಡಿ ಪಟ್ಟಿಯೇ ಶ್ಯಾಕಲ್. ಎಲ್ಲಕ್ಕಿಂತ ಅಗ್ಗದ ದಾರಿ ಇದು. ಎರಡು ಇಂಚು ಉದ್ದದ್ದು ಹಾಕಿದರೆ ಸಿಗೋದು ಸುಮಾರು ಒಂದು ಇಂಚು ಎತ್ತರ, ಯಾಕೆಂದರೆ ಸ್ಪ್ರಿಂಗ್‌ನ ಒಂದೇ ತುದಿ ಕೆಳಗಿಳಿಯುತ್ತೆ. ಜಿಪ್ಸಿಯ ಮುಂದಿನ ಸ್ಪ್ರಿಂಗ್‌ಗೆ ಶ್ಯಾಕಲ್ ಇರೋದು ಮುಂಭಾಗದಲ್ಲಿ. ಅದನ್ನು ಉದ್ದ ಮಾಡಿದರೆ ಇಡೀ ಆಕ್ಸಲ್ ಸ್ವಲ್ಪ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗೇ ನೇರಕ್ಕೆ ಬರುವಂತೆ ಮಾಡೋದು ಈ ಕೋನ. ಅದು ಕಡಿಮೆಯಾದರೆ ಹೈವೇಯಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯುತ್ತೆ. 64 ವರ್ಷದ ಅಪ್ಪ ಓಡಿಸುವ ಗಾಡಿಗೆ ಇದು ಬೇಡ ಅಂದೆ.

ಹೆಚ್ಚುವರಿ ಪ್ಲೇಟ್: ಇರುವ ಸ್ಪ್ರಿಂಗ್‌ಗೆ ಒಂದು ಪ್ಲೇಟ್ ಸೇರಿಸುವುದು. ಒಂದು, ಒಂದೂವರೆ ಇಂಚು ಎತ್ತರ ಬರುತ್ತೆ, ಭಾರ ಹೊರೋಕೂ ಒಳ್ಳೆಯದು. ಆದರೆ ಸಸ್ಪೆನ್ಷನ್ ಗಡುಸಾಗುತ್ತೆ. ಜಿಪ್ಸಿಯ ಕುಲುಕಾಟ ಗೊತ್ತಿರುವವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ಯಾವಾಗಲೂ ಹಿಂದೆ ಮೂಟೆ ಹೇರುವವರಿಗೆ ಇದು ಸರಿ. ಮಂಡಿನೋವಿನವರು ಕೂರುವ ಗಾಡಿಗೆ ಅಲ್ಲ.

ಬ್ಲಾಕ್: ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಎತ್ತರಿಸುವುದನ್ನು ನೋಡಿರುತ್ತೀರಿ. ಅಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಮೇಲೆ ಕೂತಿರುತ್ತೆ. ಜಿಪ್ಸಿಯಲ್ಲಿ ಸ್ಪ್ರಿಂಗ್ ಇರೋದು ಆಕ್ಸಲ್‌ನ ಕೆಳಗೆ. ಇಲ್ಲಿ ಬ್ಲಾಕ್ ಇಟ್ಟರೆ ಗಾಡಿ ಏರೋ ಬದಲು ಇಳಿಯುತ್ತೆ! ಯಾರಾದರೂ ಜಿಪ್ಸಿಗೆ ಬ್ಲಾಕ್ ಹಾಕಿ ಎತ್ತರಿಸ್ತೀನಿ ಅಂದರೆ ಆ ಗ್ಯಾರೇಜಿಗೆ ದೂರದಿಂದಲೇ ಕೈಮುಗಿಯಿರಿ.

ಸ್ಪ್ರಿಂಗ್ ಮೇಲೆ ಕೂರಿಸುವುದು: ಕೆಳಗಿರುವ ಸ್ಪ್ರಿಂಗನ್ನು ಆಕ್ಸಲ್‌ನ ಮೇಲಕ್ಕೆ ತಂದು ವೆಲ್ಡ್ ಮಾಡುವುದು. ಒಂದೇ ಏಟಿಗೆ ಸುಮಾರು ಐದು ಇಂಚು ಏರುತ್ತೆ. ಬೇಕಾಗೋದು ನಾಲ್ಕು ತುಂಡು ಲೋಹ, ಹಾಗಾಗಿ ಅಗ್ಗ ಅನ್ನಿಸುತ್ತೆ. ಆಮೇಲೆ ಸ್ಟೀರಿಂಗ್ ರಾಡ್, ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್, ಶಾಕ್ ಎಲ್ಲಾ ಬದಲಾಯಿಸಬೇಕು. ಸ್ಪರ್ಧೆಗೆ ಇಳಿಯುವವರ ಕೆಲಸ ಇದು, ಸಂತೆಗೆ ಹೋಗುವವರದ್ದಲ್ಲ.

ಹಳೇ ಸ್ಪ್ರಿಂಗನ್ನೇ ಬಾಗಿಸುವುದು: ಪ್ಲೇಟ್ ಬಿಚ್ಚಿ, ಬಡಿದು ಮತ್ತೆ ಬಿಲ್ಲಿನ ಆಕಾರಕ್ಕೆ ತರುವುದು. ಖರ್ಚು ಕಡಿಮೆ. ಆದರೆ ದಣಿದ ಉಕ್ಕು ಮತ್ತೆ ಕೂರುತ್ತೆ. ಬೆಂಕಿಯಲ್ಲಿ ಕಾಯಿಸಿ ಬಾಗಿಸಿ, ಸರಿಯಾಗಿ ಹದ ಕೊಡದೇ ಬಿಟ್ಟರೆ ಪ್ಲೇಟ್ ಬೇಗ ಮುರಿಯಬಹುದು.

ಹೊಸ ಸ್ಪ್ರಿಂಗ್: ಕಂಪನಿ ಅಳತೆಯದ್ದು ಅಥವಾ ಒಂದೆರಡು ಇಂಚು ಹೆಚ್ಚು ಬಾಗಿದ ಲಿಫ್ಟ್ ಸ್ಪ್ರಿಂಗ್. ಹೊರದೇಶದಿಂದ ತರಿಸುವ ಪೂರ್ತಿ ಕಿಟ್ ನಮ್ಮ ಬಜೆಟ್ಟಿನ ಆಚೆ ಇತ್ತು. ಕಂಪನಿ ಅಳತೆಯದ್ದು ಒಳಗಿತ್ತು.

ಎತ್ತರಕ್ಕೆ ಕೊಡುವ ಬೆಲೆ

ದುಡ್ಡಿನ ಲೆಕ್ಕ ಬಿಡಿ, ಸುರಕ್ಷತೆಯ ಲೆಕ್ಕ ನೋಡೋಣ. ಜಿಪ್ಸಿಯ ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1.3 ಮೀಟರ್. ಅಗಲ ಕಡಿಮೆ, ಮೈ ಎತ್ತರ. ಗಾಡಿಯ ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ.ನಲ್ಲಿದೆ ಅಂತ ಸುಮ್ಮನೆ ಇಟ್ಟುಕೊಳ್ಳೋಣ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಗಾಡಿ ಎಷ್ಟು ಸುಲಭಕ್ಕೆ ಪಲ್ಟಿಯಾಗುತ್ತೆ ಅನ್ನೋದರ ಅಂದಾಜು ಸಿಗುತ್ತೆ: 65 ಭಾಗ 70, ಅಂದರೆ 0.93. ಎರಡು ಇಂಚು ಎತ್ತರಿಸಿದರೆ ಅದು 0.87. ಐದು ಇಂಚಿಗೆ 0.79. ಮೊದಲಿದ್ದ ಸ್ಥಿರತೆಯಲ್ಲಿ ಸುಮಾರು ಆರನೇ ಒಂದು ಭಾಗ ಹೋದಂತೆ. ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ಬೇಕಾಗೋದು ಆ ಭಾಗವೇ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ, ಕಾನೂನು ಒಪ್ಪದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. 15 ವರ್ಷ ದಾಟಿದ ಖಾಸಗಿ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಲೇಬೇಕು, ಆಗ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅಪಘಾತವಾದಾಗ ಮಾರ್ಪಾಡನ್ನೇ ನೆಪವಾಗಿಟ್ಟು ವಿಮೆಯವರು ಕ್ಲೇಮ್‌ಗೆ ತಕರಾರು ತೆಗೆಯಬಹುದು. ಹಳೇ ಭಾಗ ತೆಗೆದು ಅದೇ ಅಳತೆಯ ಹೊಸ ಭಾಗ ಹಾಕಿದರೆ ಈ ಯಾವ ತಲೆನೋವೂ ಇಲ್ಲ.

ಇನ್ನೊಂದು ಲೆಕ್ಕ ಕೊಟ್ಟವರು ಅಮ್ಮ. ಊಟಕ್ಕೆ ಕೂತಾಗ ನಾನೂ ಅಪ್ಪನೂ ಇಂಚುಗಳ ಚರ್ಚೆ ಮಾಡ್ತಿದ್ದೆವು. ಸಾರು ಬಡಿಸುತ್ತಾ ಅಮ್ಮ ಅಂದರು: "ಈಗ್ಲೇ ಹತ್ತೋಕೆ ನಿಮ್ಮಪ್ಪ ಕೈ ಹಿಡೀಬೇಕು. ಇನ್ನೆರಡು ಇಂಚು ಎತ್ರ ಮಾಡಿದ್ರೆ ನನಗೊಂದು ಏಣಿನೂ ಮಾಡಿಸಿಬಿಡು." ಒಂದು ತಿಂಗಳು ನಾನು ಮಾಡಿದ ಸ್ಪ್ರೆಡ್‌ಶೀಟಿನಲ್ಲಿ ಆ ಕಾಲಂ ಇರಲೇ ಇಲ್ಲ.

ನಾವು ಮಾಡಿಸಿದ್ದು

ನಾಲ್ಕೂ ಕಡೆ ಕಂಪನಿ ಅಳತೆಯ ಹೊಸ ಸ್ಪ್ರಿಂಗ್, ಹೊಸ ಬುಷ್, ಹೊಸ ಯು ಬೋಲ್ಟ್, ನಾಲ್ಕು ಹೊಸ ಶಾಕ್, ಕೊನೆಗೆ ವೀಲ್ ಅಲೈನ್‌ಮೆಂಟ್. ಕೂಲಿ ಸೇರಿ ನಮ್ಮ ಲೆಕ್ಕ 34 ಸಾವಿರಕ್ಕೆ ನಿಂತಿತು. ಹಿಂದೆ ಸರಾಸರಿ 3 ಸೆಂ.ಮೀ., ಮುಂದೆ 2 ಸೆಂ.ಮೀ. ಮೇಲೆ ಬಂತು. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಎರಡು ಲೋಡ್ ಜಲ್ಲಿ ತರಿಸಿದೆವು. ಚಕ್ರದ ಜಾಡು ಆಳವಾಗಿದ್ದ ಕಡೆ ತುಂಬಿಸಿ, ನೀರು ಹರಿಯೋಕೆ ಪಕ್ಕದಲ್ಲಿ ಚರಂಡಿ ಬಿಡಿಸಿದೆವು. ಜಾಡು ಒಂದು ಅಡಿ ತುಂಬಿದರೆ ನಡುದಿಣ್ಣೆ ಅಷ್ಟೇ ತಗ್ಗಿದ ಹಾಗೆ. ಗುಂಡಿಗೂ ಅದೇ ಪರಿಹಾರ. ಅಮ್ಮನಿಗೆ ಹತ್ತೋಕೆ ಒಂದು ಗಟ್ಟಿ ಮರದ ಮಣೆ ಗಾಡಿಯ ಹಿಂದೆ ಇದೆ.

ನೀವು ಯಾವ ದಾರಿ ಹಿಡಿದರೂ ಗ್ಯಾರೇಜಿನಲ್ಲಿ ಈ ನಾಲ್ಕು ವಿಷಯ ಕಣ್ಣಾರೆ ನೋಡಿ. ಹಳೇ ಯು ಬೋಲ್ಟನ್ನೇ ಮತ್ತೆ ಹಾಕೋಕೆ ಬಿಡಬೇಡಿ, ಒಮ್ಮೆ ಬಿಗಿದು ಹಿಗ್ಗಿದ್ದು ಮತ್ತೆ ಸರಿಯಾಗಿ ಹಿಡಿಯಲ್ಲ. ಬುಷ್ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ನಿಂತ ಮೇಲೆ ಆಗಬೇಕು, ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಚಾಸಿ ಎತ್ತಿ ಚಕ್ರ ಪೂರ್ತಿ ಕೆಳಗೆ ಇಳಿಬಿಟ್ಟಾಗ ಬ್ರೇಕ್ ಹೋಸ್ ಜಗ್ಗಬಾರದು. ಒಂದಿನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲಾ ಬೋಲ್ಟ್ ಇನ್ನೊಮ್ಮೆ ಬಿಗಿಸಲೇಬೇಕು.

ಈ ಜುಲೈನಲ್ಲಿ ಮಳೆ ಜೋರಾಗಿದ್ದ ವಾರ ಅಪ್ಪ ಫೋನ್ ಮಾಡಿದ್ದರು. ಕಾಳುಮೆಣಸಿನ ರೇಟು, ಹೋದ ಕರೆಂಟು, ಪಕ್ಕದ ಮನೆ ನಾಯಿ ಎಲ್ಲದರ ಬಗ್ಗೆ ಮಾತಾಡಿದರು. ಜಿಪ್ಸಿ ಬಗ್ಗೆ ಒಂದು ಮಾತೂ ಬರಲಿಲ್ಲ. ಹಳೇ ಗಾಡಿಯ ವಿಷಯದಲ್ಲಿ ಅದಕ್ಕಿಂತ ಒಳ್ಳೇ ಸುದ್ದಿ ಇನ್ನೇನಿದೆ?