ಚಂದ್ರದ್ರೋಣ: ಮೋಡದ ನಡುವಿನ ದ್ವೀಪ

ಹೊಳೆನರಸೀಪುರವನ್ನು ಹಾದುಹೋಗುವ ಹೇಮಾವತಿಯ ನೀರಿನಲ್ಲಿ ಬಾಬಾಬುಡನ್‌ಗಿರಿಯ ಪಾಲೂ ಇದೆ. ಆ ಬೆಟ್ಟಸಾಲಿನಲ್ಲಿ ಹುಟ್ಟುವ ಯಗಚಿ ಬೇಲೂರು ದಾಟಿ ಬಂದು ಗೊರೂರಿನ ಹತ್ತಿರ ಹೇಮಾವತಿಯನ್ನು ಕೂಡುತ್ತದೆ. ಅಲ್ಲಿನ ಅಣೆಕಟ್ಟೆಯಿಂದ ಎಡದಂಡೆ ನಾಲೆ ಚನ್ನರಾಯಪಟ್ಟಣದ ಕಡೆಗೂ ಬಲದಂಡೆ ನಾಲೆ ಅರಕಲಗೂಡಿನ ಕಡೆಗೂ ಹರಿಯುತ್ತವೆ. ಹಾಸನ ಸೀಮೆಯ ಬಯಲಿಗೆ ಆ ಬೆಟ್ಟ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಪ್ರವಾಸಿ ತಾಣ ಮಾತ್ರವಲ್ಲ.

ಚಂದ್ರದ್ರೋಣ ಎಂದೂ ಕರೆಯುವ ಆ ಸಾಲಿನ ಬುಡದಲ್ಲಿ ಲಾವಾ ಹರಿದು ಹೆಪ್ಪುಗಟ್ಟಿದ ಶಿಲೆಗಳಿವೆ. 270 ಕೋಟಿ ವರ್ಷಕ್ಕೂ ಹಳೆಯವು. ಈಗ ರೂಪಾಂತರಗೊಂಡು ಹಸಿರುಗಪ್ಪಾಗಿವೆ. ಅವುಗಳ ಮೇಲಿನ ಕಬ್ಬಿಣದ ಪಟ್ಟೆಗಲ್ಲು ಗಡುಸಾದದ್ದು, ಸುಲಭಕ್ಕೆ ಸವೆಯದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರವಾಗಿ ಉಳಿದಿರುವುದರಲ್ಲಿ ಈ ಕಲ್ಲಿನ ಪಾತ್ರ ದೊಡ್ಡದು. ಇಲ್ಲಿ ಜ್ವಾಲಾಮುಖಿಯ ಬಾಯಿಯನ್ನು ಹುಡುಕಬೇಡಿ, ಅದು ಎಂದೋ ಅಳಿದಿದೆ. ಅಂದಹಾಗೆ, ಇದಕ್ಕಿಂತಲೂ ಹಳೆಯ ಲಾವಾಶಿಲೆ ಹೊಳೆನರಸೀಪುರದ ಸುತ್ತಲೇ ಇದೆ. ಭೂವಿಜ್ಞಾನಿಗಳು ಆ ಪಟ್ಟಿಯನ್ನು ಊರಿನ ಹೆಸರಿನಿಂದಲೇ ಕರೆಯುತ್ತಾರೆ.

ಸುತ್ತ ಸಮುದ್ರವಿಲ್ಲದಿದ್ದರೂ ಚಂದ್ರದ್ರೋಣ ದ್ವೀಪವೇ. ತಂಪು, ಮಂಜು, ಬಿರುಗಾಳಿಗೆ ಒಗ್ಗಿದ ಜೀವಿಗಳಿಗೆ ಕೆಳಗಿನ ಬಿಸಿ ಬಯಲು ದಾಟಲಾಗದ ಕಡಲು. ಶೋಲಾ ಎಂಬ ಇಲ್ಲಿನ ಗಿಡ್ಡ ಕಾಡಿನ ನೆಲದ ಮೇಲೆ ಹುಳು ಹೆಕ್ಕುತ್ತ ಕುಪ್ಪಳಿಸುವ ಪುಟ್ಟ ನೀಲಿ ಹಕ್ಕಿಯೊಂದಿದೆ, ಶೋಲಾಕಿಲಿ. ಬಾಬಾಬುಡನ್‌ಗಿರಿಯಿಂದ ನೀಲಗಿರಿಯವರೆಗೆ ಒಂದು ಪ್ರಭೇದ. ಪಾಲಕ್ಕಾಡ್ ಕಣಿವೆಯಿಂದ ತೆಂಕಣ ಬೆಟ್ಟಗಳಲ್ಲಿ ಇನ್ನೊಂದು. ಬೇರ್ಪಟ್ಟ ಕುಲ ಬೇರೆಯಾಗಿ ಬೆಳೆಯುತ್ತದೆಂಬುದಕ್ಕೆ ಗ್ಯಾಲಪಗೋಸ್ ದ್ವೀಪಗಳವರೆಗೆ ಹೋಗಬೇಕಾಗಿಲ್ಲ.

ಇಲ್ಲಿನ ಕಾಡು ಬೆಟ್ಟವನ್ನೆಲ್ಲ ಮುಚ್ಚುವುದಿಲ್ಲ. ನೀರು ಜಿನುಗುವ ಮಡಿಲುಗಳಲ್ಲಿ ಗಿಡ್ಡ ಮರಗಳು ಒತ್ತಾಗಿ ನಿಂತು, ಮೈತುಂಬ ಪಾಚಿ, ಜರೀಗಿಡ, ಸೀತಾಳೆ ಹೊತ್ತಿರುತ್ತವೆ. ಅದೇ ಶೋಲಾ. ಗಾಳಿ ಹೊಡೆಯುವ ನೆತ್ತಿ, ಇಳಿಜಾರುಗಳೆಲ್ಲ ಹುಲ್ಲು. ಮರ ಕಡಿದದ್ದರಿಂದ ಹುಲ್ಲು ಬಂತೆಂದು ಬಹಳ ಕಾಲ ನಂಬಿದ್ದರು. ಆದರೆ ನೀಲಗಿರಿಯ ಜೌಗುಮಣ್ಣಿನ ಪದರಗಳನ್ನು ಪರೀಕ್ಷಿಸಿದಾಗ, ಅಲ್ಲಿನ ಹುಲ್ಲುಗಾವಲು ಹಿಮಯುಗದ ಕಾಲದಿಂದಲೂ ಇದ್ದದ್ದು ತಿಳಿಯಿತು. ಬೋಳುಬೆಟ್ಟವೆಂದು ಕನಿಕರಪಟ್ಟು ಹೊರಗಿನ ಸಸಿ ನೆಡುವುದು ನನ್ನ ಮಟ್ಟಿಗೆ ಉಪಕಾರವಲ್ಲ, ಉಪದ್ರವ. ಮಳೆನೀರನ್ನು ಹಿಡಿದಿಟ್ಟು ಶೋಲಾದ ತೊರೆಗಳಿಗೆ ನಿಧಾನವಾಗಿ ಬಿಡುವುದು ಈ ಹುಲ್ಲಿನ ನೆಲವೇ.

ಹುಲ್ಲಿನ ನಡುವೆಯೇ ಕುರಿಂಜಿಯ ಪೊದೆಗಳು. ಹೂಬಿಡಲು ಜಾತಿಗೊಂದು ಲೆಕ್ಕ, ನೀಲಕುರಿಂಜಿಯದು 12 ವರ್ಷ. ಒಮ್ಮೆ ಎಲ್ಲ ಗಿಡಗಳೂ ಒಟ್ಟಿಗೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ತಿನ್ನುವ ಹುಳು, ಹಕ್ಕಿಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜ ಆಗ ನೆಲಕ್ಕೆ ಬೀಳುತ್ತದೆ. 2022ರಲ್ಲಿ ಕುರಿಂಜಿ ಅರಳಿದಾಗ ಈ ಸಾಲಿಗೆ ವಾಹನಗಳೂ ಸಾಲುಗಟ್ಟಿದ್ದವು. ಫೋಟೊಕ್ಕಾಗಿ ಪೊದೆಯೊಳಗೆ ನುಗ್ಗಿ ತುಳಿದರೆ ಹೋಗುವುದು ಹೂವಷ್ಟೇ ಅಲ್ಲ, ಮುಂದಿನ ಪೀಳಿಗೆಯ ಬೀಜ.

ಜನ ಈ ಬೆಟ್ಟ ಹತ್ತುತ್ತಿರುವುದು ಇಂದು ನಿನ್ನೆಯಿಂದಲ್ಲ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ. ಬಾಬಾಬುಡನ್‌ಗಿರಿಯ ಗುಹೆಗೆ ದತ್ತಾತ್ರೇಯನ ಭಕ್ತರೂ ದಾದಾ ಹಯಾತ್‌ರ ಭಕ್ತರೂ ನಡೆದುಕೊಳ್ಳುತ್ತಾರೆ. ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಸೂಫಿ ಸಂತ ಬಾಬಾಬುಡನ್ ಇಲ್ಲಿ ಬಿತ್ತಿದರೆಂಬುದು ಪ್ರತೀತಿ. ಮಲ್ಲೇನಹಳ್ಳಿಯ ಬಳಿಯ ದೇವೀರಮ್ಮನ ಬೆಟ್ಟವನ್ನು ಜನ ದೀಪಾವಳಿಯ ನರಕ ಚತುರ್ದಶಿಗೆ ಕತ್ತಲಲ್ಲೇ ಹತ್ತುತ್ತಾರೆ. ಹಬ್ಬ ಮುಗಿದರೆ ಆ ಬೆಟ್ಟಕ್ಕೆ ಬಿಡುವು. ವಾರಾಂತ್ಯದ ಪ್ರವಾಸದಲ್ಲಿ ಮುಳ್ಳಯ್ಯನಗಿರಿಗೆ ಅಂಥ ಬಿಡುವಿಲ್ಲ.

ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಬೇಡ. ಮುಂದಿನ ಸಲ ಹೋದಾಗ ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಒಯ್ದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ.